ಬಾಳಂತಿಗೆ ತಂದ ಮೋರಿ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹೊನ್ನಾವರದಲ್ಲಿ ದೋಣಿ ಹತ್ತಿದವನು ನಾನು. ಇಪ್ಪತ್ತನಾಲ್ಕಕ್ಕೆ ಸ್ವಂತ ಬಲೆ ಮಾಡಿಕೊಂಡಿದ್ದೆ. ಯಾರ ಮುಂದೂ ಕೈಚಾಚಿದವನಲ್ಲ. ಎಪ್ಪತ್ತರ ದಶಕದ ಕೊನೆಗೆ ಹೆಂಡತಿ ತದಡಿಯ ತವರಲ್ಲಿ ಚೊಚ್ಚಲ ಹೆತ್ತಳು. ಎದೆಹಾಲು ಸಾಲುತ್ತಿಲ್ಲವೆಂದು ಸುದ್ದಿ ಬಂದಾಗ, ಅದನ್ನೂ ನಾನೇ ದುಡಿದು ತರಬಹುದು ಎಂದುಕೊಂಡೆ.

ಮೋರಿ, ಅಂದರೆ ಸಣ್ಣ ಶಾರ್ಕ್ ಮೀನು, ತಿಂದರೆ ಬಾಳಂತಿಗೆ ಹಾಲು ಇಳಿಯುತ್ತದೆಂದು ನಮ್ಮವರೆಲ್ಲ ನಂಬಿದ್ದರು. ದಿನಾ ಒಯ್ದೆ. ಬಲೆಗೆ ಬೀಳದ ದಿನ ಕುಮಟೆ ಪೇಟೆಯಲ್ಲಿ ಕೊಂಡು, ನಾನೇ ಹಿಡಿದದ್ದೆಂದೆ.

ಹನ್ನೊಂದು ದಿನ ಗಂಡಸರು ಬಾಳಂತಿ ಕೋಣೆಗೆ ಹೋಗುವಂತಿಲ್ಲ. ಅಂಗಳದಲ್ಲಿ ನಿಂತಲ್ಲಿ ನಿಲ್ಲಲಾಗದೆ ಸುತ್ತುತ್ತಿದ್ದೆ. ತೆಂಗಿನ ಮಡಲು ಹೆಣೆದ ತಟ್ಟಿಯಾಚೆ ಮಗುವಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಜೋರಾಗಿ ಅತ್ತಿದ್ದರೆ ಧೈರ್ಯವಿರುತ್ತಿತ್ತು.

ಐದನೇ ದಿನ ಬೆಳಿಗ್ಗೆ, ಬಾಳಂತಿಯರನ್ನು ನೋಡಲು ಮನೆಮನೆಗೆ ತಿರುಗುವ ಸರ್ಕಾರಿ ನರ್ಸಬಾಯಿ ಬಂದರು. ನನ್ನ ಕೈಯಲ್ಲಿದ್ದುದನ್ನು ನೋಡಿ, "ಎಂತದು?" ಎಂದರು.

"ಮೋರಿ, ಬಾಯೋರೆ. ಹಾಲಿಗೆ."

"ದಿನಾ ಇದೇನಾ? ಪಾಪದ ಹೆಣ್ಣು. ಮಗು ಎಷ್ಟು ಬಟ್ಟೆ ಒದ್ದೆ ಮಾಡ್ತದೆ, ಅದ್ ಹೇಳು."

ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಅತ್ತೆ, "ನಿನ್ನೆಯಿಂದ ಎರಡೇ" ಎಂದರು.

ನರ್ಸಬಾಯಿ ಒಳಗೆ ಹೋದರು. ನಾನು ತಟ್ಟಿಗೆ ಕಿವಿ ಕೊಟ್ಟೆ.

"ಹಾಲಿಲ್ಲ ಅಂದೋರು ಯಾರು? ಎದೆ ತುಂಬಿ ಕಲ್ಲಿನ ಹಂಗಾಗಿದೆ. ಮಗೂನ ಬಾಯಿಗೆ ಸಿಕ್ಕೂದಿಲ್ಲ."

"ಅದ್ಕೇ ನಾ ಸಕ್ಕರೆ ನೀರು ಕೊಡ್ತೆ" ಎಂದರು ಅತ್ತೆ.

"ನಿಲ್ಸಿ ಅಮ್ಮಾ. ಅದ್ರಲ್ಲೇ ಹಸಿವು ಸಾಯ್ತದೆ, ಮತ್ತೆಂತಕ್ಕೆ ಚೀಪ್ತದೆ? ಬಿಸಿನೀರಲ್ಲಿ ಬಟ್ಟೆ ಅದ್ದಿ ತನ್ನಿ."

ಆಮೇಲೆ ನನ್ನ ಹೆಂಡತಿಗೆ ಹೇಳತೊಡಗಿದರು. ಮೊದಲು ಕೈಯಲ್ಲಿ ಸ್ವಲ್ಪ ಹಿಂಡಿ ಮೆತ್ತಗೆ ಮಾಡಬೇಕು. ಬಗ್ಗಬಾರದು, ಮಗುವನ್ನೇ ಎದೆಗೆ ತರಬೇಕು. ಅದು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಬೇಕು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು.

"ನೋಯ್ತದೆ" ಎಂದಳು.

"ಹಂಗಾದ್ರೆ ಸರಿ ಹಿಡೀಲಿಲ್ಲ. ಎಳೀಬೇಡ. ಬಾಯಿ ಮೂಲೆಗೆ ಕಿರುಬೆರಳು ಹಾಕಿ ಬಿಡ್ಸು, ಮತ್ತೆ ಹಿಡ್ಸು."

ಮತ್ತೆ, ಮತ್ತೆ. ಕೊನೆಗೆ ಅಳು ನಿಂತು, ಗುಟುಕು ನುಂಗುವ ಸದ್ದು ಕೇಳಿತು.

ಹೊರಬಂದ ನರ್ಸಬಾಯಿ, "ಮೀನು ತಿನ್ಲಿ, ತಪ್ಪಲ್ಲ ತಮ್ಮಾ. ಎರಡು ತಾಸಿಗೊಮ್ಮೆ ಎಬ್ಬಿಸಿಯಾದ್ರೂ ಕುಡಿಸ್ಲಿ. ಮಗು ಮತ್ತೆ ಕುಡೀಲಿಲ್ಲಾ, ನಾಳೆ ಈ ಹೊತ್ತಿಗೆ ಆರು ಬಟ್ಟೆ ಒದ್ದೆ ಆಗ್ಲಿಲ್ಲಾ ಅಂದ್ರೆ ಕಾಯ್ಬೇಡ, ಕುಮಟೆ ಆಸ್ಪತ್ರೆಗೆ ಕರ್ಕಂಡು ಬಾ" ಎಂದರು.

ಅಂದು ಕಡಲಿಗೆ ಹೋಗಲಿಲ್ಲ. ಬಟ್ಟೆ ಒಣಹಾಕುವ ಹಗ್ಗದೆದುರು ಕೂತೆ, ಎದ್ದೆ, ಕೂತೆ.

"ಅಳಿಯಂದ್ರು ಬಲೆ ಬಿಟ್ಟು ಉಚ್ಚೆ ಬಟ್ಟೆ ಕಾಯೂಕೆ ಕೂತ್ರು" ಎಂದು ಅತ್ತೆ ಕೆಣಕಿದರು. ಬೇರೆ ದಿನವಾಗಿದ್ದರೆ ಎದ್ದು ಹೋಗುತ್ತಿದ್ದೆ.

ಕತ್ತಲಾಗುವಾಗ ಮೂರು. ಬೆಳಕಾಗುವಾಗ ಐದು. ಆರನೆಯದನ್ನು ಅತ್ತೆ ಒಗೆದು ಹಗ್ಗಕ್ಕೆ ಹಾಕದೆ ನನ್ನ ಕೈಗೇ ಕೊಟ್ಟರು. ಉಚ್ಚೆಯ ಬಿಸಿ ಇನ್ನೂ ಆರಿರಲಿಲ್ಲ. ಬಾವಿಕಟ್ಟೆಯ ಹೆಂಗಸರೆಲ್ಲ ನೋಡುತ್ತಿದ್ದಂತೆ ನಾನೇ ಒಗೆದು ಹಿಂಡಿದೆ.