ಅಜ್ಜನ ಹೆಸರಿನ ವೆಬ್‌ಸೈಟು

ತೆಲಂಗಾಣ ಹೋರಾಟದ ಆ ವರ್ಷಗಳನ್ನು ನೆನೆದರೆ ನನಗೆ ಕಾಣುವುದು ಖಾಲಿ ರಸ್ತೆ. ದಿನ ಬಿಟ್ಟು ದಿನ ಬಂದ್. ನಾರಾಯಣಖೇಡದ ಬಸ್ಸು ಬಾರದ ಮಧ್ಯಾಹ್ನಗಳಲ್ಲಿ ಕಲ್ಹೇರ್ ಹತ್ತಿರದ, ಮನೆಯಲ್ಲಿ ಕನ್ನಡ ಆಡುವ ನಮ್ಮೂರು ಅರ್ಧ ನಿದ್ದೆಯಲ್ಲಿರುತ್ತಿತ್ತು. ಅಂಗಳದಲ್ಲಿ ಅಜ್ಜಿ ಉಣ್ಣೆ ನೂಲುತ್ತಿದ್ದಳು. ಅವಳ ಪಕ್ಕ ಕೂತು ನಾನು ನಮ್ಮ ಕಂಬಳಿಗಳಿಗೊಂದು ವೆಬ್‌ಸೈಟ್ ಮಾಡುವ ಕನಸು ಕಾಣುತ್ತಿದ್ದೆ.

ಕಂಬಳಿ ನೇಯುತ್ತಿದ್ದ ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿದ್ದರೂ ತಾಂಡೂರಿನ ಸಂತೆಯಲ್ಲಿ ಜನ ಅವನ ಹೆಸರು ಹೇಳಿಯೇ ಕಂಬಳಿ ಕೇಳುತ್ತಿದ್ದರು. ವೆಬ್‌ಸೈಟಿಗೂ ಅದೇ ಹೆಸರು, ಕೊನೆಗೊಂದು ‘ಡಾಟ್ ಇನ್’, ಅಂದರೆ ಇಂಡಿಯಾ. ನಾಳೆ ನಾವು ಯಾವ ರಾಜ್ಯದವರಾದರೂ ದೇಶ ಬದಲಾಗುವುದಿಲ್ಲವಲ್ಲ ಎಂದು ಅಪ್ಪನ ತಮ್ಮ, ನನ್ನ ಕಾಕಾ, ಖುಷಿಪಟ್ಟ. ಆ ಹೆಸರು ಎಲ್ಲಿರುತ್ತದೆ ಎಂದು ಅಜ್ಜಿ ಕೇಳಿದಳು. ಎಲ್ಲಾ ಕಡೆ ಅಂದೆ. ಅವಳು ರಾಟೆ ನಿಲ್ಲಿಸಿ ಬಹಳ ಹೊತ್ತು ಆಕಾಶ ನೋಡಿದಳು. ನಾನೂ ನೋಡಿದೆ. ಅಂದಿನಿಂದ ದಿನಾ ಬೆಳಿಗ್ಗೆ, ‘ಅದು’ ಇದೆಯೇ ಎಂದು ವಿಚಾರಿಸತೊಡಗಿದಳು.

ಆ ಹೆಸರು ಪಡೆಯಲು ಜಹೀರಾಬಾದಿನ ನೆಟ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ಮಾಲೀಕರು ಯಾರು ಎಂಬ ಕಾಲಂ ಬಂದಿತ್ತು. ಹೊಲ, ಮನೆ, ಕರೆಂಟು ಮೀಟರು ಎಲ್ಲವೂ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದವು. ಹಿರಿಯರನ್ನು ಬಿಟ್ಟು ನಮ್ಮ ಹೆಸರು ಹ್ಯಾಗೆ ಬರೆಸುವುದು ಎಂದು ಕಾಕಾ ಪಟ್ಟು ಹಿಡಿದ. ತೀರಿಹೋದ ಅಜ್ಜನನ್ನೇ ಮಾಲೀಕನೆಂದು ಬರೆಸಿದೆವು, ಬುದ್ಧಿಗೇಡಿಗಳು. ನಮಗದು ತಪ್ಪು ಅನ್ನಿಸಲೇ ಇಲ್ಲ.

ಮಾಲೀಕರೇ ಖಾತ್ರಿಪಡಿಸಬೇಕು, ಇಲ್ಲವಾದರೆ ಹೆಸರು ರದ್ದು ಎಂದು ಹೆಸರು ಕೊಟ್ಟ ಕಂಪನಿಯಿಂದ ಮೇಲ್ ಬಂದಿತ್ತು. ಬಂದ್‌ಗಳ ಗದ್ದಲದಲ್ಲಿ ನಾನದನ್ನು ನೋಡುವಷ್ಟರಲ್ಲಿ ಕೊನೆಯ ದಿನ. ಗಾಬರಿಯಿಂದ ಅವರ ಹೈದರಾಬಾದಿನ ಆಫೀಸಿಗೆ, ಸ್ಪೀಕರ್ ಹಾಕಿ, ಫೋನ್ ಹಚ್ಚಿದೆ. ಅಲ್ಲಿನ ಹುಡುಗಿ, ಮಾಲೀಕರಿಗೆ ಫೋನ್ ಕೊಡಿ ಎಂದು ತೆಲುಗಿನಲ್ಲಿ ಹೇಳಿದಳು. ಕಾಕಾ ತಾನೇ ಅಜ್ಜನೆಂಬಂತೆ ಮುದುಕನ ಹಾಗೆ ಕೆಮ್ಮಿ ಕೈ ಚಾಚಿದ. ನನಗೆ ಸಿಟ್ಟು ನೆತ್ತಿಗೇರಿತು. ನಾವಿಬ್ಬರೂ ಜಗ್ಗಾಡುತ್ತಿದ್ದಂತೆ ಅಜ್ಜಿ ಫೋನು ಕಸಿದುಕೊಂಡಳು.

ಅವರು ತೀರಿಹೋಗಿದ್ದಾರೆ ಎಂದು ಅಜ್ಜಿ ಇದ್ದದ್ದನ್ನು ಇದ್ದ ಹಾಗೇ ತೆಲುಗಿನಲ್ಲಿ ಹೇಳಿಬಿಟ್ಟಳು. ಹಾಗಾದರೆ ಅವರನ್ನು ಮಾಲೀಕರೆಂದು ಇಟ್ಟುಕೊಳ್ಳಲು ಬರುವುದಿಲ್ಲ, ನೀವು ಅವರಿಗೇನಾಗಬೇಕು, ಅವರ ಹೆಸರು ಹೇಳಿ ಎಂದಳು ಆ ಹುಡುಗಿ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲುಗಳಲ್ಲಿ, ಕಟ್ಟಿ ಮಾತ್ರ ಹೇಳುತ್ತಾರೆ, ಅದೂ ಮದುವೆಮನೆಯಂಥ ಕಡೆ. ಗಂಡ ಹೋದವಳಿಗೆ ಯಾರೂ ಒಡಪು ಹೇಳೆನ್ನುವುದಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡಳು. ಕರಿ ಕುರಿಯ ಉಣ್ಣೆ, ಬಿಳಿ ಕುರಿಯ ಉಣ್ಣೆ ಎಂದು ಶುರುಮಾಡಿ, ತೆಲುಗು ಮರೆತು, ಕನ್ನಡದಲ್ಲಿ ಒಂದಿಡೀ ಒಡಪು ಹೇಳಿ ತುದಿಯಲ್ಲಿ ಅಜ್ಜನ ಹೆಸರು ಹೇಳಿದಳು. ಅವಳ ಬಾಯಲ್ಲಿ ನಾನದನ್ನು ಕೇಳಿದ್ದು ಅದೇ ಮೊದಲು. ಕಾಕಾ ತಲೆ ತಗ್ಗಿಸಿದ. ನಾನಂತೂ ಅತ್ತುಬಿಟ್ಟೆ.

ಆಮೇಲೆ ಹುಡುಗಿ ಮೆತ್ತಗೆ, ಈಗ ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದಳು. ಕಾಕಾ ಬಾಯಿ ತೆರೆದ. ಅಜ್ಜಿ ಅವನಿಗೆ ಬೆನ್ನು ತಿರುಗಿಸಿ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಬರೆಸಿದಳು. ಫೋನು ನನ್ನ ಕೈಗಿಟ್ಟು ಕಾಕಾನಿಗೆ ಇಷ್ಟೇ ಅಂದಳು:

“ಹೊಲ, ಮನಿ ನೀವೇ ಹಂಚ್ಕೋರಿ. ಅವ್ರ ಹೆಸರ ನನ್ನ ಬಲ್ಲಿ ಇರ್ಲಿ.”