ದವಡೆಗೆ ಒತ್ತಿ ಕೇಳುವ ಚಿಪ್ಪಿನ ಸದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನದಿ ಕಡಲನ್ನು ಸೇರುವ ಕಡೆ, ದಡದ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಮರದ ಉದ್ದನೆಯ ಮೇಜು, ಮೇಜಿನ ಮೇಲೆ ಕೆಸರಿನಿಂದ ಬಗೆದು ತಂದ ಕಪ್ಪೆಚಿಪ್ಪುಗಳ ರಾಶಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ರಾಶಿಯಿಂದ ಒಂದನ್ನು ಎತ್ತಿ ದವಡೆಗೆ ಒತ್ತಿಕೊಳ್ಳುತ್ತಾಳೆ. ಇನ್ನೊಂದು ಕೈಯಲ್ಲಿರುವ ಚಿಪ್ಪಿನಿಂದ ಅದಕ್ಕೆ ಟಕ್ಕೆಂದು ಬಡಿಯುತ್ತಾಳೆ. ಕಣ್ಣು ಮುಚ್ಚಿದೆ. ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಚಿಪ್ಪು ಬುಟ್ಟಿಗೆ ಬೀಳುತ್ತದೆ.

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಚಿಪ್ಪಕ್ಕ ಎನ್ನುತ್ತಾರೆ. ಗಂಡ ನೀರಿಗಿಳಿದು ಬಗೆಯುತ್ತಾನೆ, ಅವಳು ಕೂತು ಆರಿಸುತ್ತಾಳೆ. ಜೀವವಿರುವ ಚಿಪ್ಪಿನ ಸದ್ದು ಗಟ್ಟಿ, ಕಲ್ಲಿಗೆ ಕಲ್ಲು ತಾಗಿದ ಹಾಗೆ. ಒಳಗಿನ ಜೀವ ಸತ್ತು ಖಾಲಿಯಾಗಿದ್ದರೆ ಟೊಳ್ಳು. ಅವಳು ಹೆದರುವುದು ಮೂರನೆಯದಕ್ಕೆ. ಜೀವ ಹೋದ ಮೇಲೆ ಕೆಸರು ತುಂಬಿಕೊಂಡು, ಬಾಯಿ ಬಿಗಿದುಕೊಂಡು, ಬದುಕಿರುವವುಗಳ ಜೊತೆ ಗಪ್‌ಚಿಪ್ಪೆಂದು ಕೂತಿರುವ ಚಿಪ್ಪು ಅದು. ತೂಕವೂ ಅಷ್ಟೇ, ನೋಟವೂ ಅದೇ. ಬಡಿದರೆ ಮಾತ್ರ ಸದ್ದು ಮಂಕು. ಅಂಥದ್ದೊಂದು ಪಾತ್ರೆಗೆ ಬಿದ್ದು ಬಾಯಿ ತೆರೆದರೆ ಇಡೀ ಸಾರು ಕೆಸರು.

"ತೆಂಗಿನಕಾಯಿಗೂ ಚಿಪ್ಪು, ಆಮೆಗೂ ಚಿಪ್ಪು, ಮೊಣಕಾಲಿಗೂ ಚಿಪ್ಪು" ಎಂದು ಅವಳು ಕಾಲು ನೀವಿಕೊಳ್ಳುತ್ತಾಳೆ. "ಬೇರೆಯವು ಹೆಂಗಾದ್ರೂ ಇರಲಿ, ಮೊಣಕಾಲಿಂದಂತೂ ಸವೆದುಹೋಗಿದೆ. ಕೂತು ಮಾಡೋ ಕೆಲಸ ಆದ್ರಿಂದ ಬಚಾವ್."

ಈ ಕೆಲಸ ಕಲಿಸಿದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಮೇಜಿನ ತುದಿಯಲ್ಲಿ ಕೂರಿಸಿ, ಮಾತಾಡಿದರೆ ಕೈಮೇಲೆ ಏಟು ಕೊಡುತ್ತಿದ್ದಳಂತೆ. ಚಿಪ್ಪಕ್ಕನ ಬೆರಳ ಸಂದಿಗಳಲ್ಲಿ ಚಿಪ್ಪಿನ ಅಂಚು ಕೊಯ್ದ ಗೆರೆಗಳಿವೆ. ಉಪ್ಪುನೀರು ತಾಗಿ ತಾಗಿ ಅಂಗೈ ಒರಟಾಗಿದೆ. ಅವನ್ನು ತೋರಿಸಿ ಎಂದರೆ ತೋರಿಸುತ್ತಾಳೆ, ತಾನಾಗಿ ತೋರಿಸುವುದಿಲ್ಲ. ಈಗ ಎದುರಿಗೆ ಅವಳ ಸೊಸೆ ಕೂರುತ್ತಾಳೆ. ಚಿಪ್ಪಕ್ಕ ಏಟು ಕೊಡುವುದಿಲ್ಲ. "ಕೊಟ್ರೆ ವಾಪಸ್ ಬರುತ್ತೆ" ಎನ್ನುತ್ತಾಳೆ, ಸೊಸೆಗೆ ಕೇಳಿಸಲಿ ಎಂದೇ.

ಕಳೆದ ಮಳೆಗಾಲದ ಕೊನೆಗೆ ಅವಳ ಕಿವಿಗಳು ಮಂದವಾಗತೊಡಗಿದವು. ಬಲಗಿವಿ ಮೊದಲು, ಹಿಂದೆಯೇ ಎಡಗಿವಿ. ಯಾರಿಗೂ ಹೇಳಲಿಲ್ಲ. "ಕರೆದ್ರೆ ತಿರುಗ್ತಾ ಇರಲಿಲ್ಲ, ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ" ಎಂದು ಸೊಸೆ ನಗುತ್ತಾಳೆ. ಅವಳ ತುಟಿಗಳನ್ನೇ ನೋಡುತ್ತಿದ್ದ ಅತ್ತೆ ತಕ್ಷಣ ಸೇರಿಸುತ್ತಾಳೆ: "ಅದೂ ಇತ್ತು."

ಒಂದು ಮಧ್ಯಾಹ್ನ ರಸ್ತೆಯಾಚೆಯ ಹೋಟೆಲಿನ ಅಡುಗೆಯವನು ಬಾಣಲೆ ಹಿಡಿದುಕೊಂಡೇ ಶೆಡ್ಡಿಗೆ ನುಗ್ಗಿದ. ಬಾಣಲೆಯಲ್ಲಿ ಬೂದುಬಣ್ಣದ ರಾಡಿ. "ನನ್ನ ಅನ್ನಕ್ಕೇ ಮಣ್ಣು ಹಾಕಿದ್ರಲ್ಲಮ್ಮ!" ಎಂದು ಕೂಗಾಡಿದ. ಸೊಸೆ ಎದ್ದು ನಿಂತು, ತಪ್ಪು ತನ್ನದೆಂದಳು. ಚಿಪ್ಪಕ್ಕನಿಗೆ ಆ ಮಾತು ಕೇಳಿಸಲಿಲ್ಲ, ಆದರೆ ಅವಳ ಮುಖ ನೋಡಿ ಗೊತ್ತಾಯಿತು. "ಸುಳ್ಳು ಹೇಳೋವಾಗ ಇವಳ ಮೂಗು ಕೆಂಪಾಗುತ್ತೆ. ನಾನೇ ಹೇಳ್ಬಿಟ್ಟೆ, ತಪ್ಪು ನಂದು, ಕಿವಿ ಹೋಗಿದೆ ಅಂತ."

ಶೆಡ್ಡಿನ ಯಜಮಾನ ಕೆಟ್ಟವನಲ್ಲ. ಆದರೆ ಗಿರಾಕಿ ಕೈತಪ್ಪುವ ಭಯ ಯಾರಿಗಿಲ್ಲ? ಇನ್ನು ಬುಟ್ಟಿ ತೊಳೆಯುವ ಕೆಲಸ ಮಾಡಿಕೊಂಡಿರಿ ಎಂದ. ಜೀವಮಾನವೆಲ್ಲ ಕೂತ ಮೇಜು ಬಿಟ್ಟು ಅವಳು ಕೊಳಾಯಿಯ ಬಳಿಗೆ ಹೋದಳು. ಅಲ್ಲಿಂದ ಮೇಜಿನತ್ತ ನೋಡಬಾರದೆಂದು ಗೋಡೆಗೆ ಮುಖ ಮಾಡಿ ತೊಳೆಯುತ್ತಿದ್ದಳಂತೆ.

ದಾರಿ ಸಿಕ್ಕಿದ್ದು ಹುರಿಗಡಲೆಯಿಂದ. ಮನೆಯಲ್ಲಿ ಜಗಿಯುತ್ತಾ ಕೂತಿದ್ದಾಗ ಹೊಳೆಯಿತು. ಪಕ್ಕದಲ್ಲಿ ಗಂಡ ಬೈಯುತ್ತಿರುವುದು ಕೇಳಿಸುತ್ತಿಲ್ಲ, ಬಾಯೊಳಗಿನ ಕಟಕಟ ಮಾತ್ರ ತಲೆತುಂಬ ಕೇಳಿಸುತ್ತಿದೆ. ಹಿತ್ತಲಿಗೆ ಹೋಗಿ ಒಂದು ಚಿಪ್ಪನ್ನು ದವಡೆಯ ಮೂಳೆಗೆ ಒತ್ತಿ, ಇನ್ನೊಂದರಿಂದ ಬಡಿದಳು. "ಎಲುಬೊಳಗೆ ಬಂತು ನೋಡಿ ಸದ್ದು. ಅಳು ಬಂದ್ಬಿಡ್ತು. ಇವರು ಹಲ್ಲುನೋವು ಅಂದ್ಕೊಂಡು ಲವಂಗ ತಂದುಕೊಟ್ರು!"

ಯಜಮಾನ ಸುಲಭಕ್ಕೆ ಒಪ್ಪಲಿಲ್ಲ. ಆಗಲೇ ಆರಿಸಿಟ್ಟ ಒಳ್ಳೆಯ ಚಿಪ್ಪುಗಳ ಒಂದು ಬುಟ್ಟಿಯಲ್ಲಿ ಕೆಸರು ತುಂಬಿದವನ್ನು ಬೆರೆಸಿಡುತ್ತೇನೆ, ಒಂದು ತಪ್ಪಿದರೂ ಮತ್ತೆ ಕೊಳಾಯಿಗೇ ಎಂದ. ಆ ಬುಟ್ಟಿಯಿಂದ ಸುರಿದ ರಾಶಿಯೇ ಈಗ ಅವಳ ಮುಂದಿರುವುದು. ಸೊಸೆ ಉಗುರು ಕಚ್ಚುತ್ತಿದ್ದಾಳೆ. ಗಂಡ ಒದ್ದೆ ಬಟ್ಟೆಯಲ್ಲೇ ಬಾಗಿಲಿಗೆ ಒರಗಿದ್ದಾನೆ. ಅಡುಗೆಯವನೂ ಬಂದು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಂಬದ ಹಿಂದೆ ನಿಂತಿದ್ದಾನೆ.

ಟಕ್. ಬುಟ್ಟಿಗೆ. ಟಕ್. ಬುಟ್ಟಿಗೆ. ಒಮ್ಮೊಮ್ಮೆ ಕೈ ನಿಲ್ಲುತ್ತದೆ, ಅದೇ ಚಿಪ್ಪನ್ನು ಮತ್ತೆ ಬಡಿದು ಪಕ್ಕಕ್ಕೆ ಸರಿಸುತ್ತಾಳೆ. ರಾಶಿ ಮುಗಿದಾಗ ಪಕ್ಕದಲ್ಲಿ ನಾಲ್ಕು ಚಿಪ್ಪುಗಳಿವೆ.

ಯಜಮಾನನ ಮುಖ ಬಾಡುತ್ತದೆ. "ನಾನು ಹಾಕಿದ್ದು ಮೂರೇ, ಚಿಪ್ಪಕ್ಕ. ಒಂದು ಒಳ್ಳೇದನ್ನ ಎತ್ತಿಟ್ಬಿಟ್ರಿ."

ಈ ಮಾತು ಅವಳಿಗೆ ಅವನು ಎತ್ತಿ ತೋರಿಸಿದ ಮೂರು ಬೆರಳುಗಳಿಂದಲೇ ಅರ್ಥವಾಗುತ್ತದೆ. ಚಾಕು ಎತ್ತಿಕೊಂಡು ನಾಲ್ಕನ್ನೂ ಸೀಳಿ ಸಾಲಾಗಿ ಇಡುತ್ತಾಳೆ. ನಾಲ್ಕರಲ್ಲೂ ಕಪ್ಪು ಕೆಸರು.

"ಮೂರು ನಿಮ್ಮದು" ಎನ್ನುತ್ತಾಳೆ. "ಇನ್ನೊಂದು ನಿಮಗೂ ಗೊತ್ತಿಲ್ದೆ ಬಂದಿದ್ದು."

ಕಂಬದ ಹಿಂದಿನಿಂದ ಅಡುಗೆಯವನ ನಗು ಸಿಡಿಯುತ್ತದೆ. ಯಜಮಾನ ತಲೆ ಕೆರೆದುಕೊಳ್ಳುತ್ತಾ, ಈ ಜಾಗ ನಿಮ್ಮದೇ, ಯಾರೂ ಎಬ್ಬಿಸುವುದಿಲ್ಲ, ನಾನು ಹಾಗೆ ಮಾಡಬಾರದಿತ್ತು ಎಂದೆಲ್ಲ ಉದ್ದಕ್ಕೆ ಹೇಳುತ್ತಾನೆ. ಚಿಪ್ಪಕ್ಕ ಆಗಲೇ ಮುಂದಿನ ರಾಶಿಗೆ ಕೈಹಾಕಿದ್ದಾಳೆ.

"ಏನಂತೆ?" ಎಂದು ಸೊಸೆಯನ್ನು ಕೇಳುತ್ತಾಳೆ.

ಸೊಸೆ ಮೇಜಿನ ಮೇಲೆ ಬಾಗಿ, ಅತ್ತೆಯ ಕಿವಿಯ ಹತ್ತಿರ ಕೂಗುತ್ತಾಳೆ: "ಇಲ್ಲೇ ಕೂತು ಕೆಲಸ ಮಾಡ್ಬೇಕಂತೆ!"

"ಅಷ್ಟು ಹೇಳೋಕೆ ಇಷ್ಟು ಮಾತಾ?" ಎನ್ನುತ್ತಾಳೆ ಚಿಪ್ಪಕ್ಕ. "ಸ್ವಲ್ಪ ಸರಿಯೋಕೆ ಹೇಳು, ಬೆಳಕಿಗೆ ಅಡ್ಡ ನಿಂತಿದ್ದಾರೆ."