ಹಾಡುತ್ತೇನೆಂದು ಯಾರೂ ಬರೆದಿರಲಿಲ್ಲ

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಚಿತ್ರದುರ್ಗದ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ನಾನು ವೆಬ್‌ಸೈಟ್ ಮಾಡುವ ಕೆಲಸಕ್ಕಿದ್ದೆ. ಹಿರಿಯೂರಿನಲ್ಲಿ ನಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವುದೆಂದು ಗೊತ್ತಾದಾಗ, ಹೆಸರು ನೋಂದಾಯಿಸುವ ಪುಟವನ್ನು ನಾನೇ ಮಾಡಿಕೊಟ್ಟೆ. ಊರು, ಫೋನ್ ನಂಬರು, ಕೊನೆಗೊಂದು ಪ್ರಶ್ನೆ: ವೇದಿಕೆಯ ಮೇಲೆ ಏನು ಮಾಡುತ್ತೀರಿ? ಉತ್ತರಗಳ ಪಟ್ಟಿಯಲ್ಲಿ ಮೊದಲನೆಯದು ಹಾಡು, ಆಮೇಲೆ ಭಾಷಣ, ನಾಟಕ. ಏನೂ ಬೇಡದವರು ಅದನ್ನು ಮುಟ್ಟದೆ ಬಿಡಬಹುದಿತ್ತು.

ಗುಂಡಿ, ಪಟ್ಟಿಗಳನ್ನೆಲ್ಲ ನಾವು ಹೊಸದಾಗಿ ಬರೆಯುತ್ತಿರಲಿಲ್ಲ. ಬೇರೆಯವರು ಸಿದ್ಧಮಾಡಿಟ್ಟ ಕೋಡ್ ಸಂಗ್ರಹದಿಂದ, ಅಂದರೆ ಲೈಬ್ರರಿಯಿಂದ, ತೆಗೆದುಕೊಳ್ಳುತ್ತಿದ್ದೆವು. ಅದರ ಹೊಸ ಆವೃತ್ತಿ ಬಂತು, ಗುಂಡಿಗಳು ಚೆಂದ ಕಂಡವು, ಹಾಕಿಬಿಟ್ಟೆ. ಹಳೆಯದರಲ್ಲಿ ನಾವು ಆರಿಸುವ ತನಕ ಪಟ್ಟಿ ಖಾಲಿ ಇರುತ್ತಿತ್ತು. ಹೊಸದು ಮೊದಲ ಉತ್ತರವನ್ನು ತಾನೇ ಆರಿಸಿಕೊಂಡು ಕೂರುತ್ತಿತ್ತು. ನಾನು ಅದನ್ನು ನೋಡಲೇ ಇಲ್ಲ.

ವಾರ ಕಳೆದ ಮೇಲೆ ನಮ್ಮ ಕನ್ನಡ ಮೇಡಂ ಫೋನ್ ಮಾಡಿದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ನಲವತ್ತು ಜನ ಹಾಡುತ್ತಾರಂತೆ, ಹಾರ್ಮೋನಿಯಂ ರಿಪೇರಿಗೆ ಕೊಟ್ಟಿದ್ದೇನೆ ಎಂದರು. ಅವರ ದನಿಯಲ್ಲಿ ಸಂತೋಷವಿತ್ತು, ಆದರೆ ಅಷ್ಟು ಜನ ಹಾಡುವವರೇ ಎಂದು ನನಗೆ ಅನುಮಾನ ಬಂತು. ಪುಟ ತೆರೆದು ನೋಡಿದೆ, ತಪ್ಪು ತಿಳಿಯಿತು: ಆ ಪ್ರಶ್ನೆ ಮುಟ್ಟದೆ ಬಿಟ್ಟವರೆಲ್ಲ ಹಾಡುವವರ ಪಟ್ಟಿಗೆ ಸೇರಿಹೋಗಿದ್ದರು. ಒಂದೇ ಸಾಲು ತಿದ್ದಿದೆ, ಸರಿಹೋಯಿತು. ಆದರೆ ಆಗಲೇ ಸೇರಿಹೋದ ಹೆಸರುಗಳಲ್ಲಿ ಯಾರು ನಿಜವಾಗಿ ಹಾಡುವವರೆಂದು ಹೇಳುವಂತಿರಲಿಲ್ಲ.

ಮರುದಿನ ಬಸ್ಸು ಹತ್ತಿ ಮೇಡಂ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು, "ಹೆಸರು ಕರೀತೀನಮ್ಮ. ತಪ್ಪಾಗೈತೆ ಅಂತ ಹೇಳೇ ಕರೀತೀನಿ. ಇಷ್ಟ ಇಲ್ದೋರು ಕುಂತಿರ್ಲಿ" ಎಂದರು.

ಎಲ್ಲರೂ ಸೇರಿದ ದಿನ ಹಾಗೆಯೇ ಮಾಡಿದರು. ಮೊದಲ ಆರೇಳು ಮಂದಿ ನಗುತ್ತ ಬೇಡವೆಂದು ಕೈಯಲ್ಲಾಡಿಸಿ ಕೂತೇ ಇದ್ದರು. ಆಮೇಲೆ ಮಾರಿಕಣಿವೆಯ ನನ್ನ ಸಹಪಾಠಿಯ ಸರದಿ. ಅಲ್ಲಿನ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಡುವ ಕೆಲಸ ಅವನದು. ತರಗತಿಯಲ್ಲಿ ಹಾಜರಿಗೂ ಬಾಯಿ ತೆರೆಯಲು ನಾಚುತ್ತಿದ್ದವನು. ನಿಧಾನವಾಗಿ ಎದ್ದು ಬಂದ.

"ಫಾರಂ ತುಂಬಿದ್ದು ನನ್ ಮಗಳು, ಮೇಡಂ. ಹಾಡ್ತೀನಿ ಅಂತ ನಾನು ಬರೆಸಿಲ್ಲ. ಆದ್ರೆ ನಮ್ಮವ್ವ ರಾಗಿ ಬೀಸೋವಾಗ ಹೇಳ್ತಿದ್ದ ಪದ ಒಂದೈತೆ."

ಮೈಕು ಅವನಿಗೆ ಬೇಕಾಗಲಿಲ್ಲ. ಕಾಲುವೆಯ ಆಚೆ ದಡದವರನ್ನು ಕೂಗಿ ಪಳಗಿದ ಗಂಟಲು. ಅವನ ದನಿ ಹಿಂದಿನ ಗೋಡೆಯವರೆಗೂ ತುಂಬಿಕೊಂಡಿತು. ಎರಡನೆಯ ನುಡಿಗೆ ಹೆಂಗಸರು ದನಿ ಸೇರಿಸಿದರು. ಮೇಡಂ ಹಾರ್ಮೋನಿಯಂ ಮೇಲೆ ಅವನ ಶ್ರುತಿ ಹುಡುಕುತ್ತ, ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ಕೂತಿದ್ದರು.

ಮೊದಲು ಒಲ್ಲೆ ಎಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು. ಅಡುಗೆಯವರು ಎರಡು ಸಲ ಊಟಕ್ಕೆ ಕರೆದು ಹೋದರು, ಮೂರನೆಯ ಸಲ ಬಂದವರು ತಾವೂ ಬಾಗಿಲಲ್ಲೇ ನಿಂತರು. ನಾನೂ ಹಾಡಿದೆ. ಪಲ್ಲವಿಯಲ್ಲೇ ಶ್ರುತಿ ತಪ್ಪಿತು, ಎಲ್ಲರೂ ನಕ್ಕರು. ನಗುತ್ತಲೇ ಪೂರ್ತಿ ಹಾಡಿ ಮುಗಿಸಿದೆ.